ಉಪ್ಪು ಕೂತ ಬಿರುಕು

ಅವರು ಏನು ಕೆಲಸ ಮಾಡುತ್ತಿದ್ದರು ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಸರಿಯಾಗಿ ಹೇಳಲಿಕ್ಕೆ ಬರುವುದಿಲ್ಲ. ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದರು, ಮದುವೆಯಾಗಿರಲಿಲ್ಲ, ಯಲ್ಲಾಪುರದ ಕಡೆ ನಂದೊಳ್ಳಿಯವರು, ಮುರಿದ ಕಬ್ಬಿಣ ನೋಡುತ್ತಿದ್ದರು. ಇಷ್ಟು ಹೇಳಿದರೆ ಕೇಳಿದವರು "ಗುಜರಿ ವ್ಯಾಪಾರವಾ?" ಅನ್ನುತ್ತಾರೆ. ಅಲ್ಲ ಎಂದು ತಲೆಯಾಡಿಸಿ ಸಮುದ್ರ, ಹಡಗು, ಕರೆಂಟು ಎಂದು ಶುರು ಮಾಡಿದರೆ ನಡುವೆ ಎಲ್ಲೋ ನಾನೇ ದಾರಿ ತಪ್ಪುತ್ತೇನೆ. ಹೋದ ತಿಂಗಳು ಅವರು ತೀರಿಕೊಂಡರು. ಹದಿಮೂರನೆಯ ದಿನದ ಊಟಕ್ಕೆ ನಂದೊಳ್ಳಿಗೆ ಹೋಗಿ ಬಂದ ಮೇಲೆ ನನ್ನ ಗೊಂದಲ ಇನ್ನೂ ಹೆಚ್ಚಾಗಿದೆ. ಬರೆದರೆ ಸ್ವಲ್ಪ ತಿಳಿಯಾದೀತೇನೋ ಎಂದು ಕೂತಿದ್ದೇನೆ.

ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಅವರು ನನ್ನನ್ನು ತಂಗಿ ಅನ್ನುತ್ತಿದ್ದರು, ಸಿಟ್ಟು ಬಂದರೆ ಮಾರಾಯ್ತಿ. ಶಿರಸಿಯ ನಮ್ಮ ಮನೆ ನೋಡಲಿಕ್ಕೆ ಬಂದ ದಿನ ಎಲ್ಲರೂ ನೋಡುವ ಹಾಗೆ ಅವರು ಅಡುಗೆಮನೆ, ಬಚ್ಚಲು ನೋಡಲಿಲ್ಲ. ಮೆಟ್ಟಿಲಿನ ಕಬ್ಬಿಣದ ಕಟಾಂಜನದ ಹತ್ತಿರ ಕುಕ್ಕರಗಾಲಲ್ಲಿ ಕೂತು, ಬೆಸುಗೆ ಹಾಕಿದ ಜಾಗವನ್ನು ಉಗುರಿನಿಂದ ಕೆರೆದು, "ಇದಕ್ಕೆ ಆತುಕೊಂಡು ನಿಲ್ಲಬೇಡಿ" ಅಂದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ, ಇಂಟರ್ನೆಟ್ಟು ಹೇಗಿದೆ ಎಂದು. ನಂದೊಳ್ಳಿಯ ಮನೆಯಲ್ಲಿ ಕೊಟ್ಟಿಗೆಯ ಹಿಂದೆ ಹೋಗಿ ನಿಂತರೆ ಮಾತ್ರ ಫೋನು ಕೇಳಿಸುತ್ತದಂತೆ. "ನನ್ನ ಕೆಲಸ ದನಗಳ ಮುಂದೆ ಮಾಡುವಂಥದ್ದಲ್ಲ" ಅಂದು ನಕ್ಕರು. ನಕ್ಕಾಗ ಎಡಗಡೆಯ ಹುಬ್ಬು ಮಾತ್ರ ಮೇಲೆ ಹೋಗುತ್ತಿತ್ತು.

ಕೊರಳಲ್ಲಿ ಕಪ್ಪು ದಾರ, ದಾರದ ತುದಿಯಲ್ಲಿ ಹೆಬ್ಬೆಟ್ಟಿನಷ್ಟು ದೊಡ್ಡ ಭೂತಗನ್ನಡಿ. ದೂರದಿಂದ ನೋಡಿದ ನಮ್ಮ ಅತ್ತೆ ಅದನ್ನು ತಾಳಿ ಎಂದೇ ತಿಳಿದು, ಗಂಡ ಎಲ್ಲಿರುತ್ತಾರೆ ಎಂದು ಎರಡು ಮೂರು ದಿನ ನನ್ನ ಹತ್ತಿರ ವಿಚಾರಿಸಿದರು. ಅತ್ತೆ ಬನವಾಸಿ ಕಡೆಯವರು. ಮನಸ್ಸಿನಲ್ಲಿ ಬಂದದ್ದು ಬಾಯಲ್ಲಿ ನಿಲ್ಲುವುದಿಲ್ಲ. ಕೊನೆಗೆ ಅವರನ್ನೇ ಕೇಳಿಬಿಟ್ಟರು. ಅಕ್ಕ ದಾರ ಎತ್ತಿ ತೋರಿಸಿ, "ಇವರೇ ನೋಡಿ ನಮ್ಮ ಯಜಮಾನರು. ಎಲ್ಲಿ ಕರೆದರೂ ಬರ್ತಾರೆ, ತಿರುಗಿ ಮಾತಾಡೂದಿಲ್ಲ" ಅಂದರು. ಅತ್ತೆಗೆ ಆ ಉತ್ತರ ಎಷ್ಟು ಹಿಡಿಸಿತೆಂದರೆ ಅಂದಿನಿಂದ ಅವರಿಗೆ ದಿನಾ ಒಂದು ರೊಟ್ಟಿ ಮೀಸಲಾಯಿತು.

ಅಕ್ಕ ಲೋಹ ಓದಿದವರು. ಬೇರೆ ಬೇರೆ ಬಂದರುಗಳಲ್ಲಿ ಹಡಗು ಪರೀಕ್ಷೆ ಮಾಡುವ ಕಂಪನಿಗಳಲ್ಲಿ ದುಡಿದು, ಅಮ್ಮನಿಗೆ ವಯಸ್ಸಾಯಿತೆಂದು ಈ ಕಡೆ ಬಂದಿದ್ದರು. ಎಲ್ಲಿಯಾದರೂ ಏನಾದರೂ ಮುರಿದರೆ, ಅದರ ಫೋಟೋ, ವಿಡಿಯೋ ಇವರ ಕಂಪ್ಯೂಟರಿಗೆ ಬರುತ್ತಿತ್ತು. ಅದು ಹೇಗೆ ಮುರಿಯಿತು ಎಂದು ನೋಡಿ ಬರೆದು ಕೊಡಬೇಕು. ಅಷ್ಟೇ ಕೆಲಸ. ಅಷ್ಟೇ ಎಂದು ನನಗೆ ಮೊದಲು ಅನಿಸಿತ್ತು. ಒಮ್ಮೆ ಹೆಗಡೆಕಟ್ಟಾದಲ್ಲಿ ಅವರ ನೆಂಟರೊಬ್ಬರ ಪಂಪಿನ ಸಲಾಕೆ ತುಂಡಾಗಿತ್ತು. ಕೆಲಸದವನು ಹಾಳು ಮಾಡಿದ ಎಂದು ಅವರು ಕೂಗಾಡುತ್ತಿದ್ದರಂತೆ. ಅಕ್ಕ ನೋಡಿ ಬಂದು, "ಯಾರೂ ಎಂತೂ ಮಾಡಿದ್ದಲ್ಲ. ಅದು ದಣಿದಿತ್ತು" ಅಂದರು. ಕಬ್ಬಿಣಕ್ಕೂ ದಣಿವಾಗುತ್ತದೆ ಎಂದು ಅವತ್ತೇ ನನಗೆ ಗೊತ್ತಾದದ್ದು. ದಿನಾ ಒಂದೇ ಕಡೆ ಎಳೆತ ಬಿದ್ದರೆ ಒಳಗೊಳಗೇ ಕೂದಲಿನಂಥ ಬಿರುಕು ಹುಟ್ಟಿ, ಸದ್ದಿಲ್ಲದೆ ಬೆಳೆದು, ಒಂದು ದಿನ ಯಾರೋ ಮುಟ್ಟಿದಾಗ ಮುರಿಯುತ್ತದಂತೆ. ಆ ದಿನ ಮುಟ್ಟಿದವರ ಹಣೆಬರಹ. ಮನೆಯಲ್ಲಿ ನಾಲ್ಕು ಜನರಿಗೆ ಅಡುಗೆ ಮಾಡುವ ನನಗೆ ಅದು ಅರ್ಥವಾಗಲಿಕ್ಕೆ ಕಷ್ಟವಾಗಲಿಲ್ಲ.

ಅವರ ಬಗ್ಗೆ ಹೇಳಬೇಕಾದರೆ ಉಪ್ಪಿನಕಾಯಿ ಭರಣಿಯ ಕತೆ ಹೇಳಲೇಬೇಕು.

ಅತ್ತೆಯ ತವರಿನಿಂದ ಬಂದ ದೊಡ್ಡ ಭರಣಿ, ಕೊರಳಿನವರೆಗೆ ಅಪ್ಪೆಮಿಡಿ. ಕೆಲಸಕ್ಕೆ ಬರುವ ಪಾರ್ವತಿ, ಅವಳಿಗೂ ಅತ್ತೆಯಷ್ಟೇ ವಯಸ್ಸು, ಅದನ್ನು ಮೂಲೆಯಿಂದ ಸರಿಸುವಾಗ ಎರಡು ಹೋಳಾಗಿ ಬಿತ್ತು. ಅಡುಗೆಮನೆ ತುಂಬ ಕೆಂಪು ರಸ. ಪಾರ್ವತಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಾಳೆ, ಅತ್ತೆ ಒಂದೇ ಸಮನೆ ಬೈಯುತ್ತಿದ್ದಾರೆ, ನಾನು ಪೊರಕೆ ಹಿಡಿದಿದ್ದೇನೆ. ಸದ್ದಿಗೆ ಕೆಳಗೆ ಇಳಿದು ಬಂದ ಅಕ್ಕ ಬಾಗಿಲಲ್ಲೇ ನಿಂತು, "ಗುಡಿಸಬೇಡ, ತಂಗಿ. ಎತ್ತಲೂ ಬೇಡ. ಇದ್ದ ಹಾಂಗೇ ಇರಲಿ" ಅಂದರು.

ಸೀರೆ ಎತ್ತಿ ಕಟ್ಟಿಕೊಂಡು, ರಸ ಇಲ್ಲದ ಕಡೆ ಹೆಜ್ಜೆ ಇಟ್ಟು, ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ ನೋಡಿದರು. ಕನ್ನಡಿ ಕಣ್ಣಿಗೆ ಹಿಡಿದರು. ಮೂಸಿಯೂ ನೋಡಿದರು. ಅತ್ತೆಗೆ ತಾಳ್ಮೆ ಹೋಯಿತು.

"ಏನ್ ನೋಡಾಕ್ಹತ್ತೀರಿ ಬಾಯಾರ? ಯಾರ್ ಒಡದ್ರು ಅನ್ನೋದು ಕಣ್ ಮುಂದನ ನಿಂತೈತಲ್ರಿ."

ಅಕ್ಕ ಚೂರಿನ ಅಂಚನ್ನು ನಮಗೆ ತೋರಿಸಿದರು. ಒಳಮೈಯ ಕಡೆಯ ಅರ್ಧ ಅಂಚು ಕಂದಿತ್ತು, ಅದರ ಮೇಲೆ ಬಿಳಿಯ ಉಪ್ಪು ಹಿಟ್ಟಿನ ಹಾಗೆ ಕೂತಿತ್ತು. ಹೊರಮೈಯ ಕಡೆಯ ಅರ್ಧ ಮಾತ್ರ ಹೊಸದಾಗಿ, ಹಲ್ಲಿನ ಹಾಗೆ ಬೆಳ್ಳಗಿತ್ತು. ಬಿರುಕು ಒಳಗಿನಿಂದ ಯಾವಾಗಲೋ ಹುಟ್ಟಿದೆ, ಉಪ್ಪುನೀರು ಅದರೊಳಗೆ ಹೋಗಿ ಒಣಗಿದೆ, ಇವತ್ತು ಒಡೆದದ್ದು ಉಳಿದ ಅರ್ಧ ಮಾತ್ರ ಎಂದು ನಿಧಾನಕ್ಕೆ ಹೇಳಿದರು. ಗುಡಿಸಿ ತೊಳೆದಿದ್ದರೆ ಉಪ್ಪು ಕರಗಿ ಹೋಗುತ್ತಿತ್ತು, ಪಾರ್ವತಿಯ ತಲೆಯ ಮೇಲೆ ತಪ್ಪು ಉಳಿಯುತ್ತಿತ್ತು.

"ಹಂಗಾರ ತಪ್ಪು ಯಾರದು?" ಅಂದರು ಅತ್ತೆ.

"ತಪ್ಪು ಈ ಕನ್ನಡಿಯಲ್ಲಿ ಕಾಣೂದಿಲ್ಲ ಅಮ್ಮಾ. ಬಿರುಕು ಕಾಣ್ತದೆ."

ಅತ್ತೆಗೆ ಆ ಮಾತು ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೂ ಪಾರ್ವತಿಗೆ ಬೈಯುವುದು ನಿಂತಿತು. ನನಗೆ ಮಾತ್ರ ಅದು ಬೇರೆ ರೀತಿಯಲ್ಲಿ ತಾಗಿತು. ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಶಾಯಿ ಚೆಲ್ಲಿದರೂ, ಕಿಟಕಿಯ ಗಾಜು ಒಡೆದರೂ ಸಿಸ್ಟರ್ ಬಂದು ಮೊದಲು ಕೇಳುತ್ತಿದ್ದದ್ದು ಯಾರು ಎಂದು. ಯಾರೋ ಒಬ್ಬಳು ಎದ್ದು ನಿಂತ ಮೇಲೆ ಚಿಂದಿ ಬಟ್ಟೆ ಬರುತ್ತಿತ್ತು, ನೆಲ ಒರೆಸುತ್ತಿದ್ದರು, ಪಾಠ ಮುಂದುವರಿಯುತ್ತಿತ್ತು. ಹೇಗೆ ಎಂದು ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಅದು ಕೇಳಬೇಕಾದ ಪ್ರಶ್ನೆ ಎಂದು ನಲವತ್ತು ದಾಟಿದ ಮೇಲೆ, ಉಪ್ಪಿನಕಾಯಿ ರಸದಲ್ಲಿ ನಿಂತುಕೊಂಡು ತಿಳಿಯಿತು.

ಸಮುದ್ರದ ವಿಷಯ ಬಂದದ್ದು ಅದರ ಮುಂದಿನ ವರ್ಷ. ಎಲ್ಲೋ ಬಡಗು ದಿಕ್ಕಿನ ಚಳಿ ಸಮುದ್ರ. ಅದರ ತಳದಲ್ಲಿ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಕರೆಂಟು ಒಯ್ಯುವ ಕೇಬಲ್ಲು ಹಾಸಿದ್ದರಂತೆ. ನೀರಿನಲ್ಲಿ ಕರೆಂಟೇ, ಮೀನಿಗೆ ಹೊಡೆಯುವುದಿಲ್ಲವೇ ಎಂದು ನಾನು ಕೇಳಿದಾಗ ಅಕ್ಕ ಬಹಳ ಹೊತ್ತು ನಕ್ಕರು, ಆಮೇಲೆ ಪ್ರಶ್ನೆ ಒಳ್ಳೆಯದೇ ಅಂದರು. ಆ ಕೇಬಲ್ಲು ಚಳಿಗಾಲದ ನಡುವೆ ತುಂಡಾಯಿತು. ಆಚೆ ದೇಶದಲ್ಲಿ ಮನೆ ಬಿಸಿ ಮಾಡಲಿಕ್ಕೆ ಕರೆಂಟಿಲ್ಲ. ಶತ್ರುಗಳು ಬೇಕೆಂದೇ ಕಡಿಸಿದ್ದಾರೆ ಎಂದು ಗಲಾಟೆ. ನಮ್ಮ ಟಿವಿಯಲ್ಲೂ ಎರಡು ದಿನ ನೀಲಿ ಬಣ್ಣದ ಭೂಪಟ ಹಾಕಿ ಕೂಗಿದರು. ಕೇಬಲ್ಲು ತುಂಡಾದ ಹೊತ್ತಿಗೆ ಅದರ ಮೇಲಿನಿಂದ ಹಾದುಹೋದ ಒಂದು ಸರಕಿನ ಹಡಗನ್ನು ಹಿಡಿದು ನಿಲ್ಲಿಸಿದ್ದರು. ಅದರಲ್ಲಿ ಕೆಲಸಕ್ಕಿದ್ದವರು ಹೆಚ್ಚಿನವರು ನಮ್ಮ ದೇಶದವರೇ.

ಅಕ್ಕನ ಕಂಪ್ಯೂಟರಿನಲ್ಲಿ ನಾನು ಆ ಸಮುದ್ರದ ತಳ ನೋಡಿದ್ದೇನೆ. ಗಂಜಿಯ ಹಾಗೆ ಮಸುಕು ಮಸುಕು. ಯಂತ್ರದ ದೀಪ ಬಿದ್ದಲ್ಲಿ ಮಾತ್ರ ಬೂದು ಕೆಸರು, ಅದರ ನಡುವೆ ನೇಗಿಲು ಹೊಡೆದ ಹಾಗೆ ಉದ್ದಕ್ಕೆ ಒಂದು ಸಾಲು, ಸಾಲಿನ ತುದಿಯಲ್ಲಿ ತೊಡೆಯಷ್ಟು ದಪ್ಪದ ಕರಿ ಕೇಬಲ್ಲು, ಬಾಯಿ ಕಿಸಿದು ತಾಮ್ರದ ಎಳೆಗಳನ್ನು ಹೊರಗೆ ಚಾಚಿಕೊಂಡು ಬಿದ್ದಿತ್ತು. ಬಾಳೆದಿಂಡು ಕೊಚ್ಚಿದಾಗ ನಾರು ಬರುತ್ತದಲ್ಲ, ಹಾಗೆ. ಆ ಸಾಲು ಲಂಗರು ಎಳೆದುಕೊಂಡು ಹೋದ ಗುರುತು. ಹಡಗಿನ ಲಂಗರು ಬಿದ್ದು, ಎಳೆದು, ಕೇಬಲ್ಲು ಕಿತ್ತಿತು ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಅನುಮಾನ ಇದ್ದದ್ದು ಲಂಗರು ತಾನಾಗಿ ಬಿತ್ತೋ, ಯಾರಾದರೂ ಬಿಟ್ಟರೋ ಎನ್ನುವುದರಲ್ಲಿ.

"ಬೇಕಂತ ಬಿಟ್ರೂ ಸಾಲು ಹೀಂಗೇ ಬರ್ತದೆ, ತಪ್ಪಿ ಬಿದ್ರೂ ಹೀಂಗೇ ಬರ್ತದೆ" ಅಂದರು ಅಕ್ಕ. "ಕೆಸರಿಗೆ ಮನುಷ್ಯರ ಮನಸ್ಸು ಗೊತ್ತಿಲ್ಲ."

ಗೊತ್ತಾಗಬೇಕಾದರೆ ಒಂದೇ ದಾರಿ ಇತ್ತು. ಲಂಗರಿನ ಸರಪಳಿ ಜಾರದ ಹಾಗೆ ಒಂದು ದಪ್ಪ ಕಬ್ಬಿಣದ ಪಿನ್ನು ಹಾಕಿರುತ್ತಾರಂತೆ. ಅದು ಎರಡು ತುಂಡಾಗಿ ಸಿಕ್ಕಿತ್ತು. ಒಳಗೆ ಹಳೆಯ ಬಿರುಕಿದ್ದು ಗಾಳಿಯ ಹೊಡೆತಕ್ಕೆ ಮುರಿದಿದ್ದರೆ ಅದು ಅಪಘಾತ. ಹಳೆಯ ಬಿರುಕಿಲ್ಲದೆ ಸುತ್ತಿಗೆಯಿಂದ ಹೊಡೆದು ಮುರಿದಿದ್ದರೆ ಅದು ವಿಧ್ವಂಸ. ಆ ಪಿನ್ನಿನ ಫೋಟೋಗಳನ್ನು ಅಕ್ಕನಿಗೆ ಕಳಿಸಿದ್ದರು. ದಿನಾ ಬೆಳಿಗ್ಗೆ ಹಡಗಿನ ಆ ಪಿನ್ನು ಸರಿಯಿದೆಯೇ ಎಂದು ನೋಡುವ ಕೆಲಸ ಯಾರದ್ದಿತ್ತೋ, ಆ ಮನುಷ್ಯನನ್ನು ಅಲ್ಲಿಯ ಪೊಲೀಸರು ಹಿಡಿದಿಟ್ಟುಕೊಂಡಿದ್ದರು. ಅವನು ಯಾರು, ಎಲ್ಲಿಯವನು ಎಂದು ಅಕ್ಕನಿಗೆ ಗೊತ್ತಿರಲಿಲ್ಲ. ಗೊತ್ತಿರಬಾರದು ಎನ್ನುವುದೇ ಅವರ ಕೆಲಸದ ರೀತಿ. ಕಾಗದದಲ್ಲಿ ಹೆಸರುಗಳ ಮೇಲೆ ಕಪ್ಪು ಬಳಿದು ಕಳಿಸುತ್ತಿದ್ದರು.

ಒಂದು ಬೆಳಿಗ್ಗೆ ನಾನು ತಿಂಡಿ ಕೊಡಲಿಕ್ಕೆ ಮೇಲೆ ಹೋದೆ. ಅಕ್ಕ ಬಚ್ಚಲಲ್ಲಿದ್ದರು. ಕಂಪ್ಯೂಟರು ತೆರೆದೇ ಇತ್ತು. ಪರದೆಯ ತುಂಬ ಆ ಪಿನ್ನಿನ ತುಂಡಿನ ಗುಂಡಗಿನ ಮುಖ, ಬೆಲ್ಲದ ಅಚ್ಚನ್ನು ಅಡ್ಡ ಕೊಯ್ದ ಹಾಗೆ. ಅರ್ಧ ಕಂದಾಗಿತ್ತು, ಅರ್ಧ ಹೊಳೆಯುತ್ತಿತ್ತು. ಹಾಗೆ ಕಂಡಿತು ಎಂದು ನನಗೆ ಅನಿಸುತ್ತದೆ. ಕಿಟಕಿಯ ಬಿಸಿಲು ಪರದೆಯ ಒಂದು ಬದಿಗೆ ಬೀಳುತ್ತಿತ್ತು ಎನ್ನುವುದೂ ನೆನಪಿದೆ. ಹೊಳೆದದ್ದು ಬಿಸಿಲೋ, ಲೋಹವೋ. ತಟ್ಟೆ ಇಟ್ಟು ಇಳಿದು ಬಂದೆ.

ಅದೇ ದಿನ ಮಧ್ಯಾಹ್ನ ಯಶೋದಾ ಬಂದಳು.

ಆಕೆ ಬಿಳಗಿಯವಳು. ಸಿದ್ದಾಪುರಕ್ಕೆ ಬಂದು, ಬಸ್ಸು ಬದಲಿಸಿ, ಕೇಳಿಕೊಂಡು ಕೇಳಿಕೊಂಡು ನಮ್ಮ ಮನೆಯವರೆಗೆ ಬಂದಿದ್ದಳು. ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿಯಲ್ಲಿ ರಕ್ತ. ಕೈಯಲ್ಲಿ ಜೇನಿನ ಹಾಗೆ ಸುರಿಯುವ ಜೋನಿಬೆಲ್ಲದ ಡಬ್ಬಿ, ಬಾಯಿಗೆ ಬಾಳೆಎಲೆ ಕಟ್ಟಿದ್ದು. ಮಹಡಿಯ ಅಕ್ಕನನ್ನು ನೋಡಬೇಕು ಅಂದಳು. ನಾನು ಕರೆದುಕೊಂಡು ಹೋದೆ.

ಈಗ ಇಲ್ಲಿ ನಮ್ಮ ಕಡೆಯ ಒಂದು ರೂಢಿಯನ್ನು ಹೇಳಬೇಕು. ನಂದೊಳ್ಳಿಯಂಥ ಊರುಗಳ ಮನೆಗಳಲ್ಲಿ ಯಾರೇ ಬಂದರೂ ಮೊದಲು "ಆಸರಿಗೆ ಎಂತ ಅಡ್ಡಿಲ್ಲೆ?" ಎಂದು ಕೇಳುತ್ತಾರೆ. ಆಸರಿ ಎಂದರೆ ಬಾಯಾರಿಕೆಗೆ ಕೊಡುವುದು, ಮಜ್ಜಿಗೆಯೋ, ಕಷಾಯವೋ, ಬೆಲ್ಲ ನೀರೋ. ಅದು ಕುಡಿದು ಲೋಟ ಕೆಳಗಿಡುವ ತನಕ ಬಂದದ್ದು ಯಾಕೆ ಎಂದು ಕೇಳುವುದಿಲ್ಲ. ಕೇಳಿದರೆ ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿದ ಹಾಗೆ. ಅಕ್ಕ ಎಷ್ಟು ಊರು, ಎಷ್ಟು ದೇಶ ತಿರುಗಿದ್ದರೂ ಅದನ್ನು ಬಿಟ್ಟಿರಲಿಲ್ಲ. ಗ್ಯಾಸು ಸಿಲಿಂಡರು ತಂದವನಿಗೂ ಮೊದಲು ಮಜ್ಜಿಗೆ, ಆಮೇಲೆ ಸಹಿ.

ಯಶೋದಾಳನ್ನು ಕೂರಿಸಿದರು. ಕಾಲು ನೋಡಿ ಅರಿಶಿನ ತಂದು ಕೊಟ್ಟರು. ಕಷಾಯ ಮಾಡಿ ಮೂವರಿಗೂ ಸುರಿದರು. ಆಕೆ ಡಬ್ಬಿ ಮುಂದಿಟ್ಟಾಗ, ಬಿಳಗಿ ಕಡೆಯ ಜೋನಿಬೆಲ್ಲ ಎಂದರೆ ಬಿಡಲಿಕ್ಕೆ ಉಂಟೇ ಎಂದು ಎಲೆ ಬಿಚ್ಚಿ, ಬೆರಳಿನಲ್ಲಿ ಒಂದಿಷ್ಟು ತೆಗೆದು ಬಾಯಿಗೆ ಹಾಕಿಕೊಂಡರು. ಒಳ್ಳೆಯ ಪರಿಮಳ ಎಂದು ನನಗೂ ಕೊಟ್ಟರು. ಆಕೆ ಲೋಟ ಕೆಳಗಿಟ್ಟಳು. ಆಗ ಅಕ್ಕ, "ಈಗ ಹೇಳು, ಬಂದದ್ದೆಂತಕ್ಕೆ?" ಅಂದರು.

ಯಶೋದಾ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಮ್ಮನೆಯವ್ರು ಹಡಗಿನಾಗೆ ಇದ್ದಾರೆ ಅಕ್ಕಾ. ಲಂಗರು ಬಿಟ್ಟಿದ್ದು ಅವ್ರೇ ಅಂತ ಹಿಡ್ದು ಕೂರ್ಸಾರೆ. ನೀವು ಬರ್ದು ಕೊಟ್ರೆ ಬಿಡ್ತಾರೆ ಅಂದ್ರು."

ಅಕ್ಕನ ಮುಖ ನಾನು ನೋಡುತ್ತಿದ್ದೆ. ಎಡಗಡೆಯ ಹುಬ್ಬು ಮೇಲೆ ಹೋಯಿತು, ಆದರೆ ನಗು ಇರಲಿಲ್ಲ. ಬೆರಳಿಗೆ ಅಂಟಿದ್ದ ಬೆಲ್ಲವನ್ನು ಒರೆಸಿಕೊಳ್ಳಲಿಲ್ಲ, ನೆಕ್ಕಲೂ ಇಲ್ಲ, ಬೆರಳನ್ನು ದೂರಕ್ಕೆ ಹಿಡಿದುಕೊಂಡು ಕೂತರು. ಯಾರು ಹೇಳಿದರು ಎಂದು ಕೇಳಿದರು. ಸಿದ್ದಾಪುರದ ಯಾವುದೋ ನಿಶ್ಚಿತಾರ್ಥದ ಊಟದಲ್ಲಿ ಅಕ್ಕನ ತಮ್ಮ, "ನಮ್ಮ ಅಕ್ಕ ಆ ಸಮುದ್ರದ ಕೇಸು ನೋಡ್ತಾ ಇದ್ದು" ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದರಂತೆ. ಅದು ಎಲೆಯಿಂದ ಎಲೆಗೆ ಹೋಗಿ ಬಿಳಗಿ ಮುಟ್ಟಿತ್ತು.

ಇನ್ನೇನೂ ಮಾತು ಬೆಳೆಯಲಿಲ್ಲ. ಅಕ್ಕ ತಾನು ಈಗ ಅವಳಿಗೆ ಒಂದು ಶಬ್ದವೂ ಹೇಳಲಿಕ್ಕಾಗುವುದಿಲ್ಲ ಎಂದು ಮೆತ್ತಗೆ ಹೇಳಿ, ಬಾಗಿಲವರೆಗೆ ಬಂದು, ಕುಂಕುಮ ಕೊಟ್ಟು ಕಳಿಸಿದರು. ಯಶೋದಾ ಮೆಟ್ಟಿಲಿಳಿಯುವಾಗ ನನ್ನ ಕಿವಿಯಲ್ಲಿ, "ಬೆಲ್ಲ ಮೆಚ್ಚಿದ್ರು, ಅಲ್ವಾ ಅಕ್ಕಾ?" ಅಂದಳು. ಅವಳ ಮುಖ ಅರಳಿತ್ತು. ಕೆಲಸ ಆಯಿತು ಎಂದೇ ತಿಳಿದಿದ್ದಳು.

ನಾನು ಲೋಟ ತರಲಿಕ್ಕೆ ಮತ್ತೆ ಮೇಲೆ ಹೋದಾಗ ಅಕ್ಕ ತಮ್ಮನಿಗೆ ಫೋನು ಹಚ್ಚಿದ್ದರು. "ತಮಾ, ನೀ ಎಲ್ಲರ ಹತ್ರ ಎಂತಕ್ಕೆ ಹೇಳಿದೆ? ಆನು ಇನ್ನು ಆ ಕೆಲಸದಲ್ಲಿ ಇಲ್ಲೆ." ಸಿಟ್ಟಿರಲಿಲ್ಲ ದನಿಯಲ್ಲಿ. ಸುಸ್ತಿತ್ತು. ಫೋನಿಟ್ಟು ಕಂಪ್ಯೂಟರಿನ ಮುಂದೆ ಕೂತು, ಪೊಲೀಸರು ಹಿಡಿದಿಟ್ಟುಕೊಂಡವನ ಹೆಂಡತಿ ಮನೆಗೆ ಬಂದಿದ್ದಳು, ನಾನು ಅವಳಿಗೆ ಕುಡಿಯಲಿಕ್ಕೆ ಕೊಟ್ಟೆ, ಅವಳು ತಂದದ್ದನ್ನು ತಿಂದೆ, ಆದ್ದರಿಂದ ಈ ತನಿಖೆಯಿಂದ ಹಿಂದೆ ಸರಿಯುತ್ತೇನೆ ಎಂದು ಬರೆಯತೊಡಗಿದರು. ನನಗೆ ತಡೆಯಲಾಗಲಿಲ್ಲ. ಒಂದು ಬೆರಳು ಬೆಲ್ಲಕ್ಕೆ ಇಷ್ಟೆಲ್ಲ ಯಾಕೆ ಅಂದೆ. ನೋಡಿದ್ದು ಏನು ಎಂದು ಮೊದಲು ಬರೆದು ಕಳಿಸಿ, ಆಮೇಲೆ ಬೇಕಾದರೆ ಇದನ್ನು ಹೇಳಿ ಅಂದೆ.

"ಈಗ ಆನು ಎಂತ ಬರೆದ್ರೂ ಅದರಲ್ಲಿ ಬೆಲ್ಲದ ವಾಸನೆ ಬರ್ತು ತಂಗಿ" ಅಂದರು. ಅಂಥ ಹೊತ್ತಿನಲ್ಲಿ ಅವರಿಗೆ ಮನೆಮಾತೇ ಬರುತ್ತಿತ್ತು. "ಅವಂಗೆ ಒಳ್ಳೇದಾಗೂದು ಬರೆದ್ರೆ ಯಾರೂ ನಂಬ್ತ್ವಿಲ್ಲೆ. ಕೆಟ್ಟದ್ದು ಬರೆದ್ರೆ, ನಂಗೇ ನಂಬಿಕೆ ಇಲ್ಲೆ."

ಹಾಗಾದರೆ ನನಗಾದರೂ ಹೇಳಿ, ಹಳೆಯ ಬಿರುಕಿತ್ತೋ ಇಲ್ಲವೋ ಎಂದು ಕೇಳಿದೆ. ಅವರು ಪರದೆ ಮುಚ್ಚಿದರು. ನಿನಗೆ ಹೇಳಿದರೆ ಅವಳಿಗೆ ಹೇಳಿದ ಹಾಗೆ ಎಂದು ನಗಲಿಕ್ಕೆ ನೋಡಿದರು. ನಗು ಬರಲಿಲ್ಲ.

ಅದೇ ನನಗೆ ಅರ್ಥವಾಗದೆ ಉಳಿದದ್ದು. ಮಾಡಿದ್ದು ಸರಿಯೇ ಇರಬೇಕು. ಕಾನ್ವೆಂಟಿನ ಸಿಸ್ಟರ್ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು. ಆದರೆ ಆವರೆಗೆ ನೋಡಿದವರು ಅವರೊಬ್ಬರೇ, ಅವರೇ ಎದ್ದು ಹೋದರು. ಯಶೋದಾ ಬರದಿದ್ದರೆ ಅವಳ ಗಂಡನಿಗೆ ಒಳ್ಳೆಯದಾಗುತ್ತಿತ್ತೇ? ಅಥವಾ ಅಕ್ಕ ಕಂಡದ್ದೇ ಬೇರೆ ಇದ್ದು, ಅವಳು ಬಂದದ್ದೇ ಅವನನ್ನು ಉಳಿಸಿತೇ? ಬಾಗಿಲಲ್ಲೇ ಯಾಕೆ ಬಂದೆ ಎಂದು ಕೇಳಿದ್ದರೆ ಇದೆಲ್ಲ ಇಲ್ಲವೇ ಇಲ್ಲ. ಹಾಗೆ ಕೇಳುವ ಅಕ್ಕನನ್ನು ಮಾತ್ರ ನನಗೆ ಊಹಿಸಲಿಕ್ಕಾಗುವುದಿಲ್ಲ. ಆ ಜೋನಿಬೆಲ್ಲದ ಡಬ್ಬಿ ಅವರ ಮೇಜಿನ ಮೇಲೆ ಇರುವೆ ಮುತ್ತುವ ತನಕ ಹಾಗೇ ಇತ್ತು.

ಆಮೇಲೆ ಅವರಿಗೆ ಅಂಥ ಕೆಲಸಗಳು ಬರುವುದು ಕಡಿಮೆಯಾಯಿತು. ಅಮ್ಮನಿಗೆ ಹುಷಾರಿಲ್ಲವೆಂದು ನಂದೊಳ್ಳಿಗೆ ಹೋದವರು ಅಲ್ಲೇ ಉಳಿದರು. ಮನೆ ಬಿಡುವಾಗ ಕಟಾಂಜನದ ಬೆಸುಗೆ ಸರಿ ಮಾಡಿಸಿ, ತಾವೇ ಆತುಕೊಂಡು ನಿಂತು ತೋರಿಸಿ ಹೋದರು. ಅಮ್ಮ ಹೋದ ಮೇಲೆ ಇವರೂ ಹೆಚ್ಚು ದಿನ ಇರಲಿಲ್ಲ. ಕಾಯಿಲೆಯ ಸುದ್ದಿಯನ್ನು ನನಗೆ ತಿಳಿಸಿರಲಿಲ್ಲ.

ನಂದೊಳ್ಳಿಯ ಅಂಗಳದಲ್ಲಿ ಊಟಕ್ಕೆ ಎಲೆ ಹಾಕುತ್ತಿದ್ದಾಗ ಯಾರೋ ನನ್ನ ಕೈ ಹಿಡಿದರು. ಯಶೋದಾ. ಪಕ್ಕದಲ್ಲಿ ತೆಳ್ಳಗಿನ ಮನುಷ್ಯ, ಕೈಗಳು ಮಾತ್ರ ಮೈಗೆ ಒಪ್ಪದಷ್ಟು ದೊಡ್ಡವು. ಅವಳ ಗಂಡ. ಸಾವಿನ ಸುದ್ದಿ ಅವರ ಕಡೆಗೂ ಮುಟ್ಟಿತ್ತಂತೆ. ಅವನನ್ನು ಕೊನೆಗೆ ಬಿಟ್ಟಿದ್ದರು. ನಿರಪರಾಧಿ ಎಂದಲ್ಲ. ಕಾರಣ ಇಂಥದ್ದೇ ಎಂದು ಹೇಳಲಿಕ್ಕಾಗುವುದಿಲ್ಲ ಎಂದು ಬರೆದು ಬಿಟ್ಟದ್ದು. ಅಕ್ಕ ಹಿಂದೆ ಸರಿದ ಮೇಲೆ ಫೋಟೋ ನೋಡಿದವರಲ್ಲಿ ಒಬ್ಬರು ಒಂದು ಹೇಳಿದರೆ ಇನ್ನೊಬ್ಬರು ಇನ್ನೊಂದು ಹೇಳಿದರಂತೆ. ಪಿನ್ನನ್ನೇ ತರಿಸಿ ನೋಡೋಣವೆಂದರೆ ಅದನ್ನು ಯಾರೋ ಅಷ್ಟರಲ್ಲಿ ಉಜ್ಜಿ ತೊಳೆದು, ಎಣ್ಣೆ ಸವರಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಟ್ಟಿದ್ದರು. ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು ಅಂದ ಅವನು. ಗುಡಿಸಬೇಡ, ತಂಗಿ, ಎಂದು ಅಕ್ಕ ಬಾಗಿಲಲ್ಲಿ ನಿಂತದ್ದು ಕಣ್ಣಿಗೆ ಬಂತು.

ಈಗ ಅವನನ್ನು ಯಾವ ಹಡಗಿನವರೂ ಕರೆಯುವುದಿಲ್ಲ. ಸಿದ್ದಾಪುರದಲ್ಲಿ ಬಾಡಿಗೆ ಟೆಂಪೋ ಓಡಿಸುತ್ತಾನೆ. ಬಸ್‌ಸ್ಟ್ಯಾಂಡಿನ ಹುಡುಗರು ಅವನಿಗೆ ಕೇಬಲ್ ಎಂದು ಹೆಸರಿಟ್ಟಿದ್ದಾರಂತೆ. ಕರೆಂಟು ಹೋದರೆ ಸಾಕು, "ಏ ಕೇಬಲ್, ಇವತ್ತು ಎಲ್ಲಿ ಕಡಿದ್ಯಾ?" ಎಂದು ಕೂಗುತ್ತಾರೆ. ಅದನ್ನು ಅವನೇ ನಗುತ್ತಾ ಹೇಳಿದ. ಯಶೋದಾ ನಗಲಿಲ್ಲ.

ಊಟವಾದ ಮೇಲೆ ಮೂವರೂ ಒಂದೇ ಬಸ್ಸಿಗೆ ನಡೆದೆವು. ಯಲ್ಲಾಪುರದಲ್ಲಿ ಶಿರಸಿ ಬಸ್ಸಿಗೆ ಕಾಯುವಾಗ ಅವನು ನನ್ನ ಹತ್ತಿರ ಬಂದು ಕೂತ.

"ಅಕ್ಕಾ, ಅವರು ನಿಮ್ಮ ಹತ್ರ ಎಂತಾದ್ರೂ ಹೇಳಿದ್ರಾ? ಪಿನ್ನು ಹೆಂಗೆ ಮುರೀತು ಅಂತ?"

ಹೇಳಲಿಲ್ಲ ಅಂದೆ. ಅವನು ತನ್ನ ದೊಡ್ಡ ಅಂಗೈಗಳನ್ನು ನೋಡಿಕೊಂಡ.

"ಬೇಕಂತ ಬಿಟ್ಟಿದ್ದಲ್ಲ. ಅದು ನಂಗೆ ಗೊತ್ತು. ಆದ್ರೆ ಅವತ್ತು ಪಿನ್ನು ನೋಡಿದ್ನಾ ಇಲ್ವಾ, ಅದೇ ಗೊತ್ತಾಗೂದಿಲ್ಲ. ನೋಡ್ದೆ ಅಂತ ಅವ್ರ ಹತ್ರ ಹೇಳ್ದೆ. ದಿನಾ ನೋಡೂದು ರೂಢಿ ಆಗಿ, ನೋಡ್ದಂಗೆ ಅನ್ಸಿರ್ಬೌದು. ಅದು ಸಡಿಲ ಇದ್ದು ಹೊಡೆತ ತಿಂದು ಮುರ್ದಿದ್ರೆ, ನನ್ನಿಂದ್ಲೇ ಆಗಿದ್ದು. ಒಳಗೇ ಬಿರುಕಿದ್ರೆ..." ಅಲ್ಲಿಗೆ ನಿಲ್ಲಿಸಿದ. ಅಷ್ಟು ದೂರದ ಊರಿನ ಕತ್ತಲು, ಚಳಿ, ಅಲ್ಲಿಯ ಮುದುಕರು ಮಕ್ಕಳು ಎಲ್ಲ ಅವನ ಆ ಎರಡು ಕೈಗಳ ಮೇಲೆ ಕೂತಿದ್ದವು. ಪೊಲೀಸರು ಬಿಟ್ಟರೂ ಅವನು ತನ್ನನ್ನು ಬಿಟ್ಟಿರಲಿಲ್ಲ.

ನಾನು ಅವನಿಗೆ ಭರಣಿಯ ಕತೆ ಹೇಳಿದೆ. ಉಪ್ಪು ಕೂತ ಅಂಚಿನ ವಿಷಯ ಹೇಳಿದೆ. ದಿನಾ ಕೈ ಹಾಕುವ ಅತ್ತೆಗೇ ಆ ಬಿರುಕು ಕಂಡಿರಲಿಲ್ಲ ಎಂದೂ ಹೇಳಿದೆ. ಆಮೇಲೆ ಆ ಬೆಳಿಗ್ಗೆ ಪರದೆಯ ಮೇಲೆ ಕಂಡದ್ದನ್ನು ಹೇಳಿದೆ. ಅರ್ಧ ಕಂದು, ಅರ್ಧ ಹೊಳಪು. ಬಿಸಿಲು ಬೀಳುತ್ತಿತ್ತು, ನನಗೆ ಖಾತ್ರಿ ಇಲ್ಲ, ಭರಣಿಯ ಅಂಚು ಮನಸ್ಸಿನಲ್ಲಿದ್ದು ಹಾಗೆ ಕಂಡಿರಲೂಬಹುದು, ನಾನು ಲೋಹ ಓದಿದವಳಲ್ಲ, ಎಲ್ಲ ಹೇಳಿದೆ. ಒಂದನ್ನೂ ಬಿಡಲಿಲ್ಲ.

"ಕಂದು ಇತ್ತಲ್ವಾ?" ಅಂದ ಅವನು.

"ಇತ್ತು ಅಂತ ಕಾಣ್ತದೆ. ಆದ್ರೆ..."

ಬಸ್ಸು ಬಂತು. ಯಶೋದಾ ಗಂಡನ ತೋಳು ಹಿಡಿದು, "ಅಕ್ಕ ಕಣ್ಣಾರೆ ಕಂಡಾರಂತೆ" ಅಂದಳು. ದಾರಿಯುದ್ದಕ್ಕೂ ಅವರು ನನ್ನ ಮುಂದಿನ ಸೀಟಿನಲ್ಲಿದ್ದರು. ಅವನು ಒಂದು ಅಂಗೈಯನ್ನು ಇನ್ನೊಂದು ಕೈಯಿಂದ ಅರ್ಧ ಮುಚ್ಚಿ ಅವಳಿಗೆ ತೋರಿಸುತ್ತಿದ್ದ. ಮುಚ್ಚುವುದು, ತೆಗೆಯುವುದು. ನನ್ನ 'ಆದರೆ' ಯಲ್ಲಾಪುರದಲ್ಲೇ ಉಳಿದುಬಿಟ್ಟಿದೆ ಎಂದು ನನಗೆ ಗೊತ್ತಾಯಿತು. ಸರಿಪಡಿಸಬೇಕು ಅನಿಸಿತು. ಬಸ್ಸಿನಲ್ಲಿ, ಜನರ ನಡುವೆ ಬೇಡ. ಶಿರಸಿಯಲ್ಲಿ ಇಳಿದಾಗ, ಸಿದ್ದಾಪುರದ ಬಸ್ಸಿಗೆ ಇನ್ನೂ ಹೊತ್ತಿದೆ, ಮನೆಗೆ ಬಂದು ಆಸರಿ ಕುಡಿದು ಹೋಗಿ ಎಂದು ಕರೆದೆ.

ಬಂದರು. ಅತ್ತೆ ಜಗುಲಿಯಲ್ಲೇ ಇದ್ದರು, ಯಶೋದಾಳ ಗುರುತು ಹಿಡಿದರು. ನಾನು ಮಜ್ಜಿಗೆ ಮಾಡಿ ತಂದೆ. ಕುಡಿದು ಲೋಟ ಕೆಳಗಿಟ್ಟ ಮೇಲೆ ನಿಧಾನಕ್ಕೆ ಹೇಳಬೇಕೆಂದು ಮಾತು ಜೋಡಿಸಿಕೊಳ್ಳುತ್ತಾ ನಿಂತೆ. ಅವನು ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕೇಳಿದರು.

"ಹಡಗದಾಗ ಇದ್ದವರು ನೀವ ಏನ್ರಿ? ಏನ್ ಆತ್ರಿ ಅಲ್ಲಿ?"

ಅವನು ತಲೆ ಎತ್ತಿದ. ನಂದೊಳ್ಳಿಯಲ್ಲಿ ಸಿಕ್ಕಾಗಿನಿಂದ ಅವನು ಯಾರ ಮುಖವನ್ನೂ ನೆಟ್ಟಗೆ ನೋಡಿದ್ದನ್ನು ನಾನು ಕಂಡಿರಲಿಲ್ಲ. ಈಗ ಅತ್ತೆಯ ಮುಖವನ್ನೇ ನೋಡಿ ಹೇಳಿದ.

"ಪಿನ್ನಿನೊಳಗೆ ಹಳೇ ಬಿರುಕು ಇತ್ತು, ಅಜ್ಜೀ."

"ಅಯ್ಯ, ನಮ್ಮ ಭರಣಿ ಆದಂಗ ಆತು ಬಿಡ್ರಿ."

"ಹೌದು. ಭರಣಿ ಹಂಗೇ."

ಅಕ್ಕ ಇದ್ದಿದ್ದರೆ ಏನು ಮಾಡುತ್ತಿದ್ದರೋ ನನಗೆ ಗೊತ್ತಿಲ್ಲ. ಅವರಿಬ್ಬರೂ ಬಸ್ಸಿಗೆಂದು ಹೊರಟು, ಗೇಟು ದಾಟಿ, ತಿರುವಿನಲ್ಲಿ ಮರೆಯಾದರು. ಅತ್ತೆ ಲೋಟ ಎತ್ತು, ಇರುವೆ ಬರ್ತಾವ ಅಂದರು. ನಾನು ಎತ್ತಲಿಲ್ಲ. ಅವು ಇಟ್ಟಲ್ಲೇ ಇರಲಿ ಎಂದು ಸ್ವಲ್ಪ ಹೊತ್ತು ನೋಡುತ್ತಾ ನಿಂತೆ.